ಅಜ್ಜಿಗೆ ಬೆಳ್ಳುಳ್ಳಿ ಮೂಗು: ಕಲ್ಪನೆಯ ಭಾವಚಿತ್ರ ಬಿಡಿಸೋದು ಹೇಗೆ

ಫೋಟೋ ನೋಡಿ ಹಾಗೇ ಬಿಡಿಸಿದರೆ ಅದೂ ಇನ್ನೊಂದು ಫೋಟೋ ಅಷ್ಟೇ ಅಲ್ವಾ? ಮೊದಲು ಇಟಲಿಯ ಅರ್ಚಿಂಬೋಲ್ದೋ ಬಿಡಿಸಿದ ‘ವರ್ಟುಮ್ನಸ್’ ಚಿತ್ರ ನೋಡಿ. ಸುಮಾರು 1590ರಲ್ಲಿ ಅವನು ಚಕ್ರವರ್ತಿ ಎರಡನೇ ರುಡಾಲ್ಫ್‌ನ ಮುಖವನ್ನು ಹಣ್ಣು, ತರಕಾರಿ, ಹೂಗಳಿಂದಲೇ ಕಟ್ಟಿದ. ಮೂಗಿಗೆ ಪೇರ್ ಹಣ್ಣು, ರೆಪ್ಪೆಗೆ ಬಟಾಣಿ ಕಾಯಿ, ಕಿವಿಗೆ ಮೆಕ್ಕೆಜೋಳದ ತೆನೆ. ಸುಮ್ನೆ ತಮಾಷೆಗಲ್ಲ. ವರ್ಟುಮ್ನಸ್ ಅಂದರೆ ಋತುಗಳ ರೋಮನ್ ದೇವರು, ಎಲ್ಲ ಕಾಲದ ಬೆಳೆಯನ್ನೂ ಒಂದೇ ಮುಖದಲ್ಲಿ ತುಂಬಿದರೆ ಈ ದೊರೆಯ ಆಳ್ವಿಕೆಯಲ್ಲಿ ಸುಗ್ಗಿ ಮುಗಿಯೋದೇ ಇಲ್ಲ ಅಂತ ಹೊಗಳಿದ ಹಾಗೆ. ರಾಜನನ್ನು ಮೆಚ್ಚಿಸೋಕೆ ಎಂಥ ಉಪಾಯ ನೋಡಿ!

ನೀವೂ ಅಲ್ಲಿಂದಲೇ ಶುರು ಮಾಡಿ. ನೀವು ಬಿಡಿಸೋಕೆ ಹೊರಟಿರೋ ಮನುಷ್ಯರ ಬಗ್ಗೆ ಒಂದೇ ಮಾತು ಹೇಳೋದಾದರೆ ಏನು ಹೇಳ್ತೀರಿ? ನನ್ನ ಅಜ್ಜಿ ಅಂದರೆ ಅಡುಗೆಮನೆ. ಹಾಗಾಗಿ ಬಣ್ಣ ಮುಟ್ಟುವ ಮೊದಲು ಮೊರದಲ್ಲೇ ಮುಖ ಜೋಡಿಸಿದೆ: ಹುಬ್ಬಿಗೆ ಎರಡು ಒಣಮೆಣಸಿನಕಾಯಿ, ಮೂಗಿಗೆ ಬೆಳ್ಳುಳ್ಳಿ ಗಡ್ಡೆ, ಕೂದಲಿಗೆ ತೆಂಗಿನ ನಾರು. ಕಿಟಕಿ ಪಕ್ಕ ಇಡಿ, ಬೆಳಕು ಒಂದೇ ಕಡೆಯಿಂದ ಬರಲಿ, ಇಲ್ಲದಿದ್ದರೆ ನೆರಳು ಗೊಂದಲವಾಗುತ್ತದೆ. ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡಿ. ಮುಖ ಕಂಡರೆ ಪೆನ್ಸಿಲ್ ಹಿಡಿಯಿರಿ. ಬರೀ ತರಕಾರಿ ಕಂಡರೆ ವಸ್ತು ಜಾಸ್ತಿ ಆಗಿದೆ, ಒಂದಷ್ಟು ತೆಗೆಯಿರಿ. ನಾನಂತೂ ಟೊಮೆಟೊ ಕೆನ್ನೆ ತೆಗೆದ ಮೇಲೇ ಅಜ್ಜಿ ಕಂಡಿದ್ದು.