ಅಂಡರ್‌ಎಸ್ಟಿಮೇಟ್‌ಗೆ ಕನ್ನಡದಲ್ಲಿ ಏನಂತೀರಿ?

ಆಸ್ಪತ್ರೆ ಸಿಬ್ಬಂದಿಗೆ ಅಂತ ಮಾಡಿದ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ಒಂದು ಸಾಲು ಬಂತು: ರೋಗಿಗಳ ನೋವನ್ನು ಸಿಬ್ಬಂದಿ ಎಷ್ಟೋ ಸಲ ಅಂಡರ್‌ಎಸ್ಟಿಮೇಟ್ ಮಾಡುತ್ತಾರೆ. ನಾನು ಜಾಸ್ತಿ ಯೋಚಿಸಲಿಲ್ಲ. ‘ರೋಗಿಗಳ ನೋವನ್ನು ಸಿಬ್ಬಂದಿ ಎಷ್ಟೋ ಸಲ ಕಡೆಗಣಿಸುತ್ತಾರೆ’ ಅಂತ ಬರೆದು ಮುಂದಕ್ಕೆ ಹೋದೆ. ಓದೋಕೆ ಸರಾಗವಾಗಿತ್ತು. ಎಲ್ಲೂ ತೊಡಕು ಕಾಣಲಿಲ್ಲ.

ಕರಡು ಓದಿದ ನರ್ಸ್ ಒಬ್ಬರು ಆ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟರು. ‘ನಾವು ಕಡೆಗಣಿಸಲ್ಲ. ಎಷ್ಟು ನೋವಿದೆ ಅಂತ ಕೇಳ್ತೀವಿ, ನೋಡ್ತೀವಿ, ಬರ್ಕೋತೀವಿ. ಆದರೂ ಒಮ್ಮೊಮ್ಮೆ ನಮಗೆ ಕಮ್ಮಿ ಅನ್ನಿಸಿಬಿಡುತ್ತೆ’ ಅಂದರು.

ಅವರು ಹೇಳಿದ್ದು ಪೂರ್ತಿ ಸರಿ. ಇಂಗ್ಲಿಷ್ ಸಾಲು ಒಂದು ತಪ್ಪನ್ನು ತೋರಿಸುತ್ತಿತ್ತು. ನನ್ನ ಸಾಲು ಆರೋಪ ಹೊರಿಸುತ್ತಿತ್ತು. ಕಡೆಗಣ್ಣು ಅಂದರೆ ಕಣ್ಣಿನ ತುದಿ. ಕಡೆಗಣಿಸು ಅಂದಾಗೆಲ್ಲ ನನಗೆ ಆ ಅರೆನೋಟವೇ ನೆನಪಾಗುತ್ತದೆ: ಇದ್ದದ್ದನ್ನು ಸರಿಯಾಗಿ ನೋಡದೆ ದಾಟಿ ಹೋಗುವುದು. ಅಂಡರ್‌ಎಸ್ಟಿಮೇಟ್ ಮಾಡುವವರು ಹಾಗಲ್ಲ. ಅವರು ನೋಡಿದ್ದಾರೆ, ಅಳೆದಿದ್ದಾರೆ, ಅಳತೆ ಕಡಿಮೆ ಬಂದಿದೆ. ಆ ಕೈಪಿಡಿಯ ಉದ್ದೇಶ ಸಿಬ್ಬಂದಿ ಇನ್ನೊಂದು ಸಲ ಕೇಳಲಿ ಅನ್ನೋದು. ನನ್ನ ಸಾಲು ಓದಿದ್ದರೆ ಅವರು ಬೇಜಾರಾಗಿ ಪುಸ್ತಕ ಮುಚ್ಚಿಡುತ್ತಿದ್ದರು.

ತಿದ್ದೋಕೆ ಕೂತೆ. ಮೊದಲು ‘ನೋವನ್ನು ಕಡಿಮೆ ಅಂದಾಜು ಮಾಡುತ್ತಾರೆ’ ಅಂತ ಹಾಕಿದೆ. ಅರ್ಥ ಸರಿ, ಆದರೆ ಅಂದಾಜು ಅಂದಕೂಡಲೇ ಖರ್ಚುವೆಚ್ಚದ ಪಟ್ಟಿ ನೆನಪಾಗುತ್ತದೆ. ‘ನೋವನ್ನು ಲಘುವಾಗಿ ತೆಗೆದುಕೊಳ್ಳುತ್ತಾರೆ’ ಅಂದರೆ ಮತ್ತೆ ಆರೋಪ. ಕೊನೆಗೆ ನರ್ಸ್ ಬಾಯಲ್ಲಿ ಬಂದ ಕ್ರಿಯಾಪದವನ್ನೇ ಹಿಡಿದುಕೊಂಡೆ: ‘ರೋಗಿಗೆ ಇರುವ ನೋವು ಸಿಬ್ಬಂದಿಗೆ ಎಷ್ಟೋ ಸಲ ಇದ್ದದ್ದಕ್ಕಿಂತ ಕಡಿಮೆ ಅನ್ನಿಸುತ್ತದೆ.’ ಅನ್ನಿಸು ಅನ್ನೋದು ಎಂಥ ಒಳ್ಳೆಯ ಪದ ನೋಡಿ. ‘ನನಗೆ ಅನ್ನಿಸಿತು’ ಅಂತೀವೇ ಹೊರತು ‘ನಾನು ಅನ್ನಿಸಿದೆ’ ಅನ್ನೋದಿಲ್ಲ. ಅದು ನಾವು ಮಾಡುವ ಕೆಲಸವಲ್ಲ, ನಮಗೆ ಆಗುವಂಥದ್ದು. ಅಳತೆ ತಪ್ಪಿದವರನ್ನು ದೂರದೆ ತಪ್ಪನ್ನಷ್ಟೇ ಹೇಳೋಕೆ ಇದಕ್ಕಿಂತ ಹದವಾದ ಮಾತು ನನಗೆ ಸಿಕ್ಕಿಲ್ಲ.

ಅವತ್ತಿನಿಂದ ಈ ಗುಂಪಿನ ಪದಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾ ಬಂದೆ. ಬೇರೆ ಭಾಷೆಗಳಲ್ಲಿ ಏನು ಮಾಡುತ್ತಾರೆ ಅಂತಲೂ ಹುಡುಕಿದೆ. ನನಗೆ ಜಾಸ್ತಿ ದಾರಿ ತೋರಿಸಿದ್ದು ಚೀನೀ ಭಾಷೆ. ಅಲ್ಲಿ ಲೆಕ್ಕದಲ್ಲಿ ಕಡಿಮೆ ಹಿಡಿದರೆ ‘ದೀಗೂ’, ಅಂದರೆ ತಗ್ಗಿನ ಅಂದಾಜು. ಒಬ್ಬರನ್ನು ಇಷ್ಟೇ ಅಂದುಕೊಂಡರೆ ‘ಷ್ಯಾವ್‌ಕಾನ್’, ಅಂದರೆ ಚಿಕ್ಕದಾಗಿ ನೋಡು. ಕೀಳಾಗಿ ಕಂಡರೆ ‘ಕಾನ್‌ಬುಚಿ’. ಇಂಗ್ಲಿಷಿನ ಅಂಡರ್‌ಎಸ್ಟಿಮೇಟ್ ಇವುಗಳಲ್ಲಿ ಮೊದಲ ಎರಡನ್ನು ಒಂದೇ ಪದದಲ್ಲಿ ಹೇಳಿಬಿಡುತ್ತದೆ. ಕೆಲವು ಸಲ ಮೂರನೆಯದರ ನೆರಳೂ ಅದರ ಮೇಲೆ ಬೀಳುತ್ತದೆ. ಫ್ರೆಂಚ್‌ನಲ್ಲಿ ಅಳತೆ ಕಡಿಮೆಯಾದರೆ ‘ಸೂಜೆಸ್ತಿಮೆ’, ಯೋಗ್ಯತೆಗೆ ತಕ್ಕ ಗೌರವ ಕೊಡದಿದ್ದರೆ ‘ಮೆಜೆಸ್ತಿಮೆ’. ಸ್ಪ್ಯಾನಿಷ್‌ನ ‘ಸುಬೆಸ್ತಿಮಾರ್’ ಬರೀ ಕಡಿಮೆ ಎಣಿಕೆ. ಅದೇ ‘ಮೆನೋಸ್‌ಪ್ರೆಸಿಯಾರ್’ಗೆ ಬಂದರೆ ಮಾತಿನಲ್ಲಿ ತಾತ್ಸಾರ ಸೇರಿಕೊಳ್ಳುತ್ತದೆ.

ಅಳತೆಗೂ ಗೌರವಕ್ಕೂ ಯಾಕಿಷ್ಟು ನಂಟು? ಲ್ಯಾಟಿನ್‌ನ ‘ಈಸ್ತಿಮಾರೆ’ ಅನ್ನೋ ಒಂದೇ ಬೇರಿನಿಂದ ಇಂಗ್ಲಿಷಿಗೆ ಎಸ್ಟಿಮೇಟ್ ಕೂಡ ಬಂದಿದೆ, ಎಸ್ಟೀಮ್ ಕೂಡ ಬಂದಿದೆ. ಜರ್ಮನ್‌ನ ‘ಶೆಟ್ಸನ್’ ಅಂದರೆ ಅಂದಾಜು ಮಾಡು ಅಂತಲೂ ಆಗುತ್ತದೆ, ಗೌರವಿಸು ಅಂತಲೂ ಆಗುತ್ತದೆ. ತಮಿಳಿನ ‘ಮದಿಪ್ಪು’ ಬೆಲೆಯೂ ಹೌದು, ಮರ್ಯಾದೆಯೂ ಹೌದು. ನಮ್ಮ ‘ಬೆಲೆ’ಯೂ ಹಾಗೇ ಅಲ್ವಾ? ವಸ್ತುವಿಗೂ ಬೆಲೆ, ‘ನನ್ನ ಮಾತಿಗೆ ಬೆಲೆ ಇಲ್ವಾ’ ಅನ್ನುವಾಗಲೂ ಅದೇ ಬೆಲೆ. ಎಣಿಸು ಅಂದರೆ ಲೆಕ್ಕ ಹಾಕು, ಹಾಗೇ ಭಾವಿಸು. ಕೆಲವು ಕಡೆ ತೂಕದ ಮಾತು ಬರುತ್ತದೆ. ಹಿಂದಿಯಲ್ಲಿ ‘ಹಲ್ಕೇ ಮೇಂ ಲೇನಾ’. ತೆಲುಗಿನ ‘ಚುಲಕನ’ದಲ್ಲೂ ಹಗುರ ಅನ್ನೋ ಅರ್ಥವೇ ಇದೆ. ಕನ್ನಡದಲ್ಲಿ ತೂಕದ ಮನುಷ್ಯ ಇದ್ದಾನೆ, ಹಗುರವಾಗಿ ಮಾತಾಡುವವನೂ ಇದ್ದಾನೆ.

ಇಂಗ್ಲಿಷಿನ ‘ಬಿಲಿಟಲ್’, ಅಂದರೆ ಚಿಕ್ಕದು ಮಾಡು, ಹುಟ್ಟಿದ್ದು ನಿಜವಾಗಿಯೂ ಗಾತ್ರದ ಜಗಳದಲ್ಲಿ. ಅಮೆರಿಕದ ಪ್ರಾಣಿಗಳು ಯುರೋಪಿನವಕ್ಕಿಂತ ಚಿಕ್ಕವು ಅಂತ ಫ್ರೆಂಚ್ ವಿಜ್ಞಾನಿ ಬ್ಯುಫೋನ್ ವಾದಿಸಿದ್ದ. ಅದನ್ನು ಅಲ್ಲಗಳೆಯುತ್ತಾ ಥಾಮಸ್ ಜೆಫರ್ಸನ್ 1780ರ ದಶಕದಲ್ಲಿ ವರ್ಜೀನಿಯಾ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪದ ಬಳಸಿದ. ಇಂಗ್ಲಿಷಿಗೆ ಈ ಪದ ಕೊಟ್ಟವನೇ ಅವನು ಅನ್ನುತ್ತಾರೆ. ಈಗ ಅದನ್ನು ಕನ್ನಡಕ್ಕೆ ತರುವಾಗ ನಾನು ಮೊದಲು ಕೇಳಿಕೊಳ್ಳುವುದು, ಇದು ಮನಸ್ಸಲ್ಲೇ ಉಳಿದಿದೆಯಾ, ಬಾಯಿಗೆ ಬಂದಿದೆಯಾ ಅಂತ. ಬಾಯಿಗೆ ಬಂದಿದ್ದರೆ ಹೀಗಳೆ, ಹೀಯಾಳಿಸು, ಮೂದಲಿಸು. ಮನಸ್ಸಲ್ಲೇ ಇದ್ದರೆ ತಾತ್ಸಾರ, ಅಸಡ್ಡೆ. ಸುಲಭವಾಗಿ ಸಿಕ್ಕಿದ್ದು ಅಂತ ಅಗ್ಗ ಮಾಡಿದರೆ ಸಸಾರ. ಸಲಿಗೆ ಜಾಸ್ತಿಯಾಗಿ ಲೆಕ್ಕಕ್ಕೇ ಇಲ್ಲದಂತೆ ಮಾಡಿದರೆ ಸದರ. ‘ಅವನಿಗೆ ನಾನು ಸದರವಾಗಿಬಿಟ್ಟೆ’ ಅನ್ನೋದನ್ನ ಇಂಗ್ಲಿಷಿಗೆ ತರಬೇಕಾದರೆ ಒಂದಿಡೀ ಪ್ಯಾರಾ ಬೇಕಾಗುತ್ತದೆ. ಈ ಸಣ್ಣ ಸಣ್ಣ ವ್ಯತ್ಯಾಸಗಳು ನಮ್ಮಲ್ಲಿ ಇಷ್ಟು ಸಮೃದ್ಧವಾಗಿವೆ. ಎಲ್ಲದಕ್ಕೂ ಕಡೆಗಣಿಸು ಅಂತ ಒಂದೇ ಪದ ಹಾಕಿದರೆ ನಷ್ಟ ನಮಗೇ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಲೇಖನದ ಸಾಲು. ಮನೆಯಲ್ಲಿ ಹೆಂಗಸರು ಮಾಡುವ ಕೆಲಸವನ್ನು ಅದು ಅಂಡರ್‌ವ್ಯಾಲ್ಯೂಡ್ ಅಂತ ಕರೆದಿತ್ತು. ‘ಬೆಲೆಯಿಲ್ಲದ ಕೆಲಸ’ ಅಂತ ಬರೆದೆ. ಮಾರನೇ ದಿನ ಓದಿದಾಗ ಬೆಚ್ಚಿಬಿದ್ದೆ. ಲೇಖಕಿ ಹೇಳಿದ್ದಕ್ಕೆ ಅದು ಪೂರ್ತಿ ಉಲ್ಟಾ! ಕೆಲಸಕ್ಕೆ ಬೆಲೆ ಇದೆ, ಕೊಡಬೇಕಾದವರು ಕೊಟ್ಟಿಲ್ಲ ಅನ್ನೋದು ಅವರ ವಾದ. ‘ಬೆಲೆ ಸಿಗದ ಕೆಲಸ’ ಅಂತ ತಿದ್ದಿದೆ. ‘ಇಲ್ಲದ’ ಹೋಗಿ ‘ಸಿಗದ’ ಬಂತು, ಅಷ್ಟೇ. ತಪ್ಪಿನ ಹೊಣೆ ಕೆಲಸದ ಮೇಲಿಂದ ನೋಡುವವರ ಮೇಲೆ ಹೋಯಿತು. ಅಂಡರ್‌ರೇಟೆಡ್ ಗಾಯಕಿಯನ್ನೂ ಈಗ ಹೀಗೇ ಬರೆಯುತ್ತೇನೆ: ಸಿಗಬೇಕಾದಷ್ಟು ಹೆಸರು ಸಿಗದ ಗಾಯಕಿ.

ಹಣಕಾಸಿನ ಬರಹದಲ್ಲಿ ಅಂಡರ್‌ವ್ಯಾಲ್ಯೂಡ್ ಅನ್ನೋ ಪದ ಬಂದರೆ ‘ಅಪಮೌಲ್ಯ’ ಅಂತ ಹಾಕಬೇಡಿ. ಅಪಮೌಲ್ಯ ಅಂದರೆ ಸರ್ಕಾರವೇ ನಾಣ್ಯದ ಬೆಲೆ ಇಳಿಸುವುದು. 1966ರಲ್ಲಿ ರೂಪಾಯಿಗೆ ಆದದ್ದು ಅದು. ನಿಜವಾದ ಬೆಲೆಗಿಂತ ಕಡಿಮೆಯಲ್ಲಿ ಇರುವುದು ಬೇರೆ ವಿಷಯ.

ಇನ್ನು, ಇಲ್ಲ ಅನ್ನೋ ಪದ ಸೇರಿಕೊಂಡಾಗ ಎರಡು ಸಲ ಓದಿ. ಒಂದು ವಿಷಯದ ಮಹತ್ವವನ್ನು ಓವರ್‌ಎಸ್ಟಿಮೇಟ್ ಮಾಡೋಕೆ ಸಾಧ್ಯವಿಲ್ಲ ಅನ್ನಬೇಕಾದ ಕಡೆ ಇಂಗ್ಲಿಷಿನವರೇ ಎಷ್ಟೋ ಸಲ ಅಂಡರ್‌ಎಸ್ಟಿಮೇಟ್ ಮಾಡೋಕೆ ಸಾಧ್ಯವಿಲ್ಲ ಅಂತ ಬರೆದುಬಿಡುತ್ತಾರೆ. ಅಕ್ಷರಕ್ಕೆ ಅಕ್ಷರ ತಂದರೆ ಎಷ್ಟು ಕಡಿಮೆ ಅಂದುಕೊಂಡರೂ ಇನ್ನೂ ಜಾಸ್ತಿಯೇ ಅಂತಾಗುತ್ತದೆ. ಅಂದರೆ ಮಹತ್ವವೇ ಇಲ್ಲ! ಸುತ್ತಲಿನ ಮಾತು ನೋಡಿ ಬರೆದವರ ಮನಸ್ಸು ತಿಳಿದುಕೊಳ್ಳಬೇಕು. ಕನ್ನಡದಲ್ಲಿ ‘ಎಷ್ಟು ಹೇಳಿದರೂ ಕಡಿಮೆಯೇ’ ಅನ್ನೋ ಮಾತು ಸಿದ್ಧವಾಗಿದೆ. ಜರ್ಮನ್‌ನ ‘ನಿಖ್ಟ್ ತ್ಸು ಉಂಟರ್‌ಶೆಟ್ಸನ್’ ಹಾಗಲ್ಲ. ಅದು ಅಷ್ಟೆಲ್ಲ ಏರುದನಿಯ ಮಾತಲ್ಲ, ‘ಕಮ್ಮಿಯೇನಲ್ಲ’ ಅಂದರೆ ಸಾಕು.

ಸಬ್‌ಟೈಟಲ್‌ನಲ್ಲಿ ಜಾಗ ಕಡಿಮೆ, ಪಾತ್ರದ ಬಾಯಲ್ಲಿ ಮಾತು ನಿಲ್ಲಬೇಕು. ‘ನೀನು ನನ್ನನ್ನು ಕಡಿಮೆ ಅಂದಾಜು ಮಾಡುತ್ತಿದ್ದೀಯ’ ಅಂತ ಸಿಟ್ಟಲ್ಲಿ ಯಾರೂ ಅನ್ನೋದಿಲ್ಲ. ‘ನನ್ನನ್ನ ಏನಂದ್ಕೊಂಡಿದೀಯ?’ ಅನ್ನುತ್ತಾರೆ. ಸಿಟ್ಟಿನ ಬದಲು ನೋವಿದ್ದರೆ ‘ನನ್ನ ಕೈಲಿ ಆಗಲ್ಲ ಅಂದ್ಕೊಂಡ್ಯಲ್ಲಾ’. ಮುಖ ನೋಡದೆ ಈ ಸಾಲನ್ನು ನಾನು ಬರೆಯುವುದೇ ಇಲ್ಲ.

ಗಾದೆಗಳನ್ನು ಮಾತ್ರ ಹುಷಾರಾಗಿ ಬಳಸುತ್ತೇನೆ. ಹತ್ತಿರದವರಿಗೆ ಬೆಲೆ ಕೊಡದಿರುವುದಕ್ಕೆ ನಮ್ಮಲ್ಲಿ ‘ಹಿತ್ತಲ ಗಿಡ ಮದ್ದಲ್ಲ’ ಇದೆ. ತೆಲುಗಿನಲ್ಲೂ ಅದೇ ಹಿತ್ತಲು, ಅದೇ ಗಿಡ. ಮಲಯಾಳಂನಲ್ಲಿ ಅಂಗಳದ ಮಲ್ಲಿಗೆಗೆ ಪರಿಮಳ ಇಲ್ಲ. ಇಂಗ್ಲಿಷಿನವರು ಬೈಬಲ್ಲಿನ ಮಾತು ಹೇಳುತ್ತಾರೆ, ಪ್ರವಾದಿಗೆ ತನ್ನ ಊರಲ್ಲೇ ಮರ್ಯಾದೆ ಇಲ್ಲ ಅಂತ. ಆಡುವವರು ಸುಮ್ನೆ ಮಾತಿಗೆ ಅಂದಿದ್ದರೆ ನಮ್ಮ ಗಾದೆ ಹಾಕುತ್ತೇನೆ. ಪಾದ್ರಿ ಅಂದಿದ್ದರೆ ಮೂಲವನ್ನೇ ಉಳಿಸುತ್ತೇನೆ.

ಆ ಕೈಪಿಡಿಯಲ್ಲಿ ಕೊನೆಗೆ ಮನೆಯವರಿಗೆ ಅಂತ ಒಂದು ಪುಟ ಇತ್ತು. ಮಕ್ಕಳಿಗೆ ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ಆಗುವ ಅಪಾಯವನ್ನು ಅಂಡರ್‌ಎಸ್ಟಿಮೇಟ್ ಮಾಡಬೇಡಿ ಅನ್ನೋ ಸಾಲು. ‘ಇಷ್ಟೇ ತಾನೇ ಅಂತ ಬಿಡಬೇಡಿ’ ಅಂತ ಬರೆದೆ. ಈ ಸಲ ನರ್ಸ್ ಗೆರೆ ಎಳೆಯಲಿಲ್ಲ. ಪಕ್ಕದಲ್ಲಿ ಒಂದು ಸೇರಿಸಿದ್ದರು: ‘ಇದನ್ನ ದಪ್ಪ ಅಕ್ಷರದಲ್ಲಿ ಹಾಕಿ.’