ಕಿರುಚುವ ಬ್ರೇಕಿಗೆ ಎಣ್ಣೆ ಬಿಡಬೇಡಿ

ಮೊನ್ನೆ ಅಕ್ಕನ ಮೊಮ್ಮಗ ತನ್ನ ಹಳೇ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಚೈನಿಗೆ ಹೊಡೆಯುವ ಎಣ್ಣೆ ಸ್ಪ್ರೇ, ಗುರಿ ಮಾತ್ರ ಮುಂದಿನ ಚಕ್ರದ ಡಿಸ್ಕ್, ಅಂದರೆ ಬ್ರೇಕ್ ಹಿಡಿಯುವ ಲೋಹದ ತಟ್ಟೆ. "ಬ್ರೇಕ್ ಹಿಡಿದರೆ ಕೀಂ ಅಂತ ಕಿರುಚುತ್ತೆ ಅಜ್ಜಿ, ಒಂಚೂರು ಎಣ್ಣೆ ಬಿಟ್ಟರೆ..." ಅಂದ. ಡಬ್ಬಿ ಕಿತ್ತುಕೊಂಡೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡಿ, ಬೇಡ ಅನ್ನುವುದಿಲ್ಲ. ಬ್ರೇಕಿಗೆ ಎಣ್ಣೆ ಬಿಟ್ಟರೆ ಸದ್ದೇನೋ ನಿಲ್ಲುತ್ತದೆ, ಆದರೆ ಬೈಕ್ ನಿಲ್ಲುವುದಿಲ್ಲ.

ಈ ತಪ್ಪು ಮಾಡಿದವರನ್ನು ಸಾಕಷ್ಟು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿಗೆ ಡಿಸ್ಕ್ ಬ್ರೇಕ್ ಏನು ಗೊತ್ತು ಅಂತ ನಗಬೇಡಿ. ಹೋಂಡಾ ಸಿಬಿ750ಗೆ 1969ರಲ್ಲೇ ಮುಂದೆ ಡಿಸ್ಕ್ ಬಂದಿತ್ತು, ಇದು ನಿಮ್ಮ ಕಾಲದ್ದಲ್ಲ. ನಮ್ಮ ಯಜಮಾನರು ಬೈಕ್ ಬಿಚ್ಚುವಾಗ ಟಾರ್ಚ್ ಹಿಡಿದು ನಿಲ್ಲುವುದು ನನ್ನ ಕೆಲಸವಾಗಿತ್ತು. ಅವರ ಕಣ್ಣು ಮಂಜಾದ ಮೇಲೆ ಟಾರ್ಚ್ ಅವರ ಕೈಗೆ, ಸ್ಪಾನರ್ ನನ್ನ ಕೈಗೆ ಬಂತು.

ಬ್ರೇಕ್ ಕಿರುಚುವುದು ಒಣಗಿದ್ದಕ್ಕಲ್ಲ, ನಡುಗುವುದಕ್ಕೆ. ಒದ್ದೆ ಬೆರಳನ್ನು ಗಾಜಿನ ಲೋಟದ ಅಂಚಿನ ಮೇಲೆ ಆಡಿಸಿದರೆ ಗುಂಯ್ ಅನ್ನುತ್ತದಲ್ಲ, ಹಾಗೆಯೇ ಡಿಸ್ಕಿಗೆ ಒತ್ತಿಕೊಳ್ಳುವ ತುಂಡು, ಅಂದರೆ ಪ್ಯಾಡ್, ಡಿಸ್ಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಆ ನಡುಕ ಎಲ್ಲಿಂದ ಅಂತ ಹುಡುಕಬೇಕು.

ಸ್ಪಾನರ್ ಮುಟ್ಟುವ ಮೊದಲು ಕಿವಿ ಕೊಟ್ಟು ಕೇಳಿ. ತೊಳೆದ ಮಾರನೇ ದಿನ ಮೊದಲ ನಾಲ್ಕು ಸಲ ಮಾತ್ರ ಸದ್ದು ಬಂದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು. ತಾನಾಗಿ ಹೋಗುತ್ತದೆ, ಸುಮ್ನಿರಿ. ಮೆಲ್ಲಗೆ ಹಿಡಿದಾಗ ಕೀಂ ಅಂದು, ಗಟ್ಟಿಯಾಗಿ ಹಿಡಿದರೆ ನಿಂತರೆ, ಪ್ಯಾಡಿನ ಮುಖ ಕಾದು ಗಾಜಿನಂತೆ ನುಣ್ಣಗಾಗಿದೆ, ಇಲ್ಲವೇ ಧೂಳು ಕೂತಿದೆ. ಬ್ರೇಕ್ ಹಿಡಿಯದಿದ್ದರೂ ಚಕ್ರ ತಿರುಗುವಾಗ ಉಜ್ಜುವ ಸದ್ದಿದ್ದರೆ ಪ್ಯಾಡನ್ನು ತಳ್ಳುವ ಪಿಸ್ಟನ್ನೋ, ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಜಾರಲು ಇರುವ ಸ್ಲೈಡ್ ಪಿನ್ನೋ ಅಂಟಿಕೊಂಡಿದೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ, ಭಾರವಾಗಿ ತಿರುಗಿದರೆ ಅದೇ. ಇನ್ನು ಗರಗರ ಅಂತ ಕಬ್ಬಿಣ ಕೆರೆಯುವ ಸದ್ದು ಬಂದರೆ ಓದುವುದನ್ನೂ ನಿಲ್ಲಿಸಿ, ಬೈಕ್ ಓಡಿಸುವುದನ್ನೂ ನಿಲ್ಲಿಸಿ. ಪ್ಯಾಡ್ ಸವೆದು ಹೋಗಿ ಅದರ ಹಿಂದಿನ ಲೋಹದ ತಗಡು ಡಿಸ್ಕನ್ನು ತಿನ್ನುತ್ತಿದೆ.

ಕ್ಯಾಲಿಪರ್ ಬಿಚ್ಚುವುದು ನಿಮಗೆ ಗೊತ್ತೇ ಇರುತ್ತದೆ. ಎರಡೇ ಮಾತು. ಪ್ಯಾಡುಗಳನ್ನು ಹಿಡಿದಿಡುವ ಪಿನ್ನನ್ನು ಕ್ಯಾಲಿಪರ್ ಇನ್ನೂ ಗಟ್ಟಿಯಾಗಿ ಕೂತಿರುವಾಗಲೇ ಸಡಿಲ ಮಾಡಿಕೊಳ್ಳಿ, ಕೈಯಲ್ಲಿ ಹಿಡಿದುಕೊಂಡು ತಿರುಗಿಸಲು ಹೋದರೆ ಒದ್ದಾಡುತ್ತೀರಿ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಪೈಪಿಗೆ ಜೋತು ಬಿಡಬೇಡಿ, ತಂತಿ ಕಟ್ಟಿ ನೇತು ಹಾಕಿ. ಮತ್ತೆ ದಮ್ಮಯ್ಯ, ಆಗ ಲಿವರ್ ಒತ್ತಬೇಡಿ! ನಾನೊಮ್ಮೆ ಎದ್ದು ನಿಲ್ಲುವಾಗ ಆಸರೆಗೆ ಅಂತ ಹ್ಯಾಂಡಲ್ ಹಿಡಿದೆ, ಜೊತೆಗೆ ಲಿವರನ್ನೂ ಹಿಡಿದೆ. ಪಿಸ್ಟನ್ ಹೊರಗೆ ಜಾರಿ, ಬ್ರೇಕ್ ಆಯಿಲ್ ಚಿಮ್ಮಿ, ಮಡ್‌ಗಾರ್ಡಿನ ಬಣ್ಣ ಎರಡೇ ದಿನದಲ್ಲಿ ಗುಳ್ಳೆ ಎದ್ದಿತು. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಪ್ಯಾಡುಗಳನ್ನು ಬೆಳಕಿಗೆ ಹಿಡಿದು ನೋಡಿ. ಉಜ್ಜುವ ಪದರ ಒಂದು ಮಿಲಿಮೀಟರ್‌ಗೆ ಬಂದಿದ್ದರೆ, ಅಥವಾ ಸವೆತ ತೋರಿಸಲು ಅದರಲ್ಲಿರುವ ಗೀರು ಮಾಯವಾಗಿದ್ದರೆ, ಜೋಡಿಯಾಗಿ ಬದಲಾಯಿಸಿ. ಎಣ್ಣೆ ಕುಡಿದ ಪ್ಯಾಡ್ ಆದರೂ ಅಷ್ಟೇ. ಒಲೆಯ ಮೇಲೆ ಸುಟ್ಟರೆ ಸರಿಹೋಗುತ್ತದೆ ಅಂತ ಯಾರೋ ಹೇಳುತ್ತಾರೆ, ಕೇಳಬೇಡಿ. ಒಂದು ಪ್ಯಾಡ್ ಜಾಸ್ತಿ, ಇನ್ನೊಂದು ಕಡಿಮೆ ಸವೆದಿದ್ದರೆ ಸಾಮಾನ್ಯವಾಗಿ ಸ್ಲೈಡ್ ಪಿನ್ ಜಾಮ್ ಆಗಿದೆ ಅಂತ ಅರ್ಥ. ಪಿನ್ ಎಳೆದು, ಹಳೇ ಗ್ರೀಸ್ ಪೂರ್ತಿ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಕೈಗೆ ಸಿಕ್ಕ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಉಬ್ಬುತ್ತದೆ. ಹಳೇ ಕೊಳೆಯ ಮೇಲೇ ಹೊಸ ಗ್ರೀಸ್ ಹಚ್ಚುವ ಸೋಮಾರಿತನವೂ ಬೇಡ. ಹೊಲಿಗೆ ಮಷಿನ್‌ಗೂ ಹೀಗೇ ಮಾಡುತ್ತಾರೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲಿನ ಕೆಳಗೆ ನೂಲಿನ ಹೊಟ್ಟು ಗೂಡು ಕಟ್ಟಿರುತ್ತದೆ, ಅದನ್ನು ಬ್ರಷ್‌ನಿಂದ ತೆಗೆಯದೆ ಮೇಲಿಂದ ಎಣ್ಣೆ ಸುರಿಯುತ್ತಾರೆ, ಆಮೇಲೆ ಬಟ್ಟೆಯೆಲ್ಲ ಕಲೆ ಅಂತ ಗೋಳಾಡುತ್ತಾರೆ.

ಪಿಸ್ಟನ್ನನ್ನೂ ಒಳಗೆ ತಳ್ಳುವ ಮೊದಲು ಒರೆಸಿ. ಹಳೇ ಟೂತ್ ಬ್ರಷ್, ಒಂದೆರಡು ಹನಿ ಬ್ರೇಕ್ ಆಯಿಲ್ ಸಾಕು. ಕೊಳೆ ಸಮೇತ ತಳ್ಳಿದರೆ ಸೀಲ್ ಹರಿಯುತ್ತದೆ. ತಳ್ಳುವಾಗ ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ತುಳುಕೀತು, ಕಣ್ಣಿಡಿ. ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಈಗ ನನ್ನ ಗಾಜಿನ ಕೆಲಸ. ಒಡೆದ ಫೋಟೋ ಫ್ರೇಮಿನಿಂದ ತೆಗೆದಿಟ್ಟ ಅಂಗೈ ಅಗಲದ ದಪ್ಪ ಗಾಜು ನನ್ನ ಹತ್ತಿರ ಇದೆ, ಅಂಚಿಗೆ ಟೇಪ್ ಸುತ್ತಿದ್ದೇನೆ. ಗಾಜೇ ಯಾಕೆ? ಅದರಷ್ಟು ಸಮತಟ್ಟಾದದ್ದು ಮನೆಯಲ್ಲಿ ಇನ್ನೊಂದಿಲ್ಲ. ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಪ್ಯಾಡ್ ಉಜ್ಜುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೆರಳು ಒತ್ತಿದಲ್ಲಿ ಗುಂಡಿ, ಒತ್ತದಲ್ಲಿ ಉಬ್ಬು. ಆ ಪ್ಯಾಡ್ ಡಿಸ್ಕಿಗೆ ಪೂರ್ತಿ ಕೂರುವುದೇ ಇಲ್ಲ, ಮೊದಲಿಗಿಂತ ಜೋರಾಗಿ ಕಿರುಚುತ್ತದೆ.

ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ತೀರಾ ಒರಟೂ ಬೇಡ, ನಯವೂ ಬೇಡ. ಅಡಿಯಲ್ಲಿ ಒದ್ದೆ ಪೇಪರ್ ಇರಲಿ, ಮೂಗಿಗೆ ಮಾಸ್ಕ್ ಇರಲಿ. ಪ್ಯಾಡ್ ಎಷ್ಟೋ ದಶಕ ಹಳೆಯದಾಗಿದ್ದರೆ ಅದರಲ್ಲಿ ಶ್ವಾಸಕೋಶಕ್ಕೆ ಅಪಾಯ ಮಾಡುವ ಆಸ್ಬೆಸ್ಟಾಸ್ ನಾರು ಇರಬಹುದು, ಉಜ್ಜಲೇಬೇಡಿ, ಹೊಸದು ಹಾಕಿ. ಪ್ಯಾಡಿನ ಮುಖದ ಮೇಲೆ ಬಿಳಿ ಬಣ್ಣದ ಪೆನ್ಸಿಲ್‌ನಿಂದ ಅಡ್ಡಡ್ಡ, ಉದ್ದುದ್ದ ಗೀಟು ಎಳೆಯಿರಿ, ಬಲೆಯ ಹಾಗೆ. ಆಮೇಲೆ ಮುಖ ಕೆಳಗೆ ಮಾಡಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಮೆಲ್ಲಗೆ ಆಡಿಸಿ. ಭಾರ ಹಾಕಬೇಡಿ, ಕೈಯ ತೂಕವೇ ಸಾಕು. ನಾಲ್ಕು ಸುತ್ತಿಗೊಮ್ಮೆ ಎತ್ತಿ ನೋಡಿ. ಗೀಟು ಎಲ್ಲಿ ಅಳಿದಿದೆಯೋ ಅಲ್ಲಿ ಉಬ್ಬಿತ್ತು, ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗು. ಕೊನೇ ಗೀಟು ಅಳಿದ ಕೂಡಲೇ ಕೈ ಎತ್ತಿ, ಮುಂದೆ ಉಜ್ಜಿದರೆ ಪ್ಯಾಡ್ ದಂಡ. ಮಿರಮಿರ ಹೊಳೆಯುತ್ತಿದ್ದ ಮುಖ ಈಗ ಸ್ಲೇಟಿನ ಹಾಗೆ ಮಂಕಾಗಿ, ಬೆರಳಿಗೆ ಸ್ವಲ್ಪ ತಡೆಯುತ್ತದೆ.

ಇಷ್ಟಕ್ಕೇ ಬಿಡಬೇಡಿ. ಡಿಸ್ಕ್ ತಿರುಗುವಾಗ ಪ್ಯಾಡಿನ ಯಾವ ಅಂಚನ್ನು ಮೊದಲು ಮುಟ್ಟುತ್ತದೋ, ಆ ಚೂಪು ಅಂಚೇ ಅರ್ಧ ಜಗಳಗಂಟಿ. ಅರದಿಂದ ಅದನ್ನು ಓರೆಯಾಗಿ ತೀಡಿ, ಉಗುರಿನ ದಪ್ಪದಷ್ಟು ಸಾಕು. ಆಚೆ ಅಂಚಿಗೂ ಒಂದೆರಡು ಸಲ ಎಳೆದುಬಿಡಿ. ನಮ್ಮ ಮೊಮ್ಮಗ ಎರಡನೇ ಪ್ಯಾಡಿಗೆ ಬರುವಷ್ಟರಲ್ಲಿ "ಸಾಕಲ್ವಾ ಅಜ್ಜಿ" ಅಂದ. ಸಾಕಾಗಲಿಲ್ಲ. ಗೀಟು ಮತ್ತೆ ಎಳೆಸಿದೆ.

ಜೋಡಿಸುವಾಗ ಪ್ಯಾಡಿನ ಬೆನ್ನಿಗೆ, ಪಿಸ್ಟನ್ ಕೂರುವ ಕಡೆ, ಶಾಖ ತಡೆಯುವ ಬ್ರೇಕ್ ಗ್ರೀಸ್ ಸವರಿಯೂ ಸವರದ ಹಾಗೆ ಹಚ್ಚಿ. ಮುಖಕ್ಕೆ ತಾಗಬಾರದು. ಬೆನ್ನಿನ ತೆಳು ತಗಡು, ಪುಟ್ಟ ಸ್ಪ್ರಿಂಗ್ ಎರಡನ್ನೂ ಮರೆಯಬೇಡಿ. ಹಳೇ ಬೈಕುಗಳಲ್ಲಿ ಯಾರೋ ಹಿಂದೆಯೇ ಕಳೆದಿರುತ್ತಾರೆ, ಎಷ್ಟೋ ಸಲ ಸದ್ದಿಗೆ ಕಾರಣ ಅದೊಂದೇ. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಆಮೇಲೆ ಬೆರಳು ಇಡಬೇಡಿ. ಅದರ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಬದಲಾಯಿಸಿ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಾಯಿಸಿಬಿಡಿ, ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಅಂತ ಯಾವ ದರ್ಜೆ ಬರೆದಿದೆಯೋ ಅದೇ.

ಹೊರಡುವ ಮೊದಲು ಲಿವರ್ ಗಟ್ಟಿಯಾಗುವವರೆಗೂ ಒತ್ತುತ್ತಲೇ ಇರಿ. ಮೊದಲ ಕೆಲವು ಒತ್ತು ಖಾಲಿ ಹೋಗುತ್ತವೆ, ರಸ್ತೆಗೆ ಇಳಿದ ಮೇಲೆ ಅದು ಗೊತ್ತಾಗುವುದು ಬೇಡ. ಆಮೇಲೆ ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಿಂದ ಹತ್ತಕ್ಕೆ ಇಳಿಸಿ, ಬಿಟ್ಟು, ಮತ್ತೆ ಏರಿಸಿ. ಇಪ್ಪತ್ತು ಸಲವಾದರೂ ಹೀಗೆ ಮಾಡಿ, ನಡುವೆ ಒಂದಿಷ್ಟು ದೂರ ಸುಮ್ನೆ ಓಡಿಸಿ ಡಿಸ್ಕ್ ತಣ್ಣಗಾಗಲು ಬಿಡಿ. ಕಾದ ಪ್ಯಾಡನ್ನು ಒತ್ತಿ ಹಿಡಿದು ನಿಲ್ಲಬೇಡಿ. ಮೊಮ್ಮಗ ಹೋಗಿ ಬಂದು ಗೇಟಿನ ಹತ್ತಿರ ಬೈಕ್ ನಿಲ್ಲಿಸಿದ್ದು ನನಗೆ ಕೇಳಿಸಲೇ ಇಲ್ಲ. ಆ ಎಣ್ಣೆ ಸ್ಪ್ರೇ ಇನ್ನೂ ನನ್ನ ಬೀರುವಿನಲ್ಲೇ ಇದೆ.