ನಿಮ್ಮ ಹೋಟೆಲು ಗೂಗಲ್ ಹುಡುಕಾಟದಲ್ಲಿ ಕಾಣಿಸಬೇಕಾದರೆ

ದಾವಣಗೆರೆಯಲ್ಲಿ ಬಸ್ಸಿನಿಂದ ಇಳಿದವರು ಮೊಬೈಲಿನಲ್ಲಿ 'ಹತ್ತಿರದ ಬೆಣ್ಣೆದೋಸೆ ಹೋಟೆಲ್' ಎಂದು ಹುಡುಕಿದಾಗ ಸಾಮಾನ್ಯವಾಗಿ ನಕ್ಷೆಯೂ ಅದರ ಕೆಳಗೆ ಕೆಲವೇ ಹೆಸರುಗಳೂ ಕಾಣುತ್ತವೆ. ಆ ಹೆಸರುಗಳಲ್ಲಿ ನಿಮ್ಮದೂ ಬರಬೇಕಾದರೆ, 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎನಿಸಿಕೊಂಡಿದ್ದ, ವ್ಯಾಪಾರದ ವಿವರಗಳನ್ನು ಹುಡುಕಾಟದಲ್ಲೂ ನಕ್ಷೆಯಲ್ಲೂ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು, ಮಾಲೀಕತ್ವದ ಪರಿಶೀಲನೆಯನ್ನು ಮೊದಲು ಮುಗಿಸಬೇಕು.

ಹುಡುಕಿದ ಮಾತಿಗೆ ಹೋಟೆಲು ಎಷ್ಟು ಹೊಂದುತ್ತದೆ, ಎಷ್ಟು ದೂರವಿದೆ, ಎಷ್ಟು ಹೆಸರುವಾಸಿಯಾಗಿದೆ ಎಂಬ ಮೂರು ಅಂಶಗಳನ್ನು ಗೂಗಲ್ ಮುಖ್ಯವಾಗಿ ಪರಿಗಣಿಸುತ್ತದೆ. ದೂರ ನಮ್ಮ ಕೈಯಲ್ಲಿಲ್ಲ. ಉಳಿದೆರಡರಲ್ಲಿ ಶ್ರಮಕ್ಕೆ ಫಲವಿದೆ. ಪ್ರೊಫೈಲ್‌ನಲ್ಲಿ ಹೋಟೆಲಿನ ವರ್ಗವನ್ನು ಬರಿಯ 'ರೆಸ್ಟೋರೆಂಟ್' ಎನ್ನದೆ 'ದಕ್ಷಿಣ ಭಾರತೀಯ ರೆಸ್ಟೋರೆಂಟ್' ಎಂದು ನಿಖರವಾಗಿ ಆರಿಸಿ. ಹೆಸರು ಮಾತ್ರ ಬೋರ್ಡಿನಲ್ಲಿರುವಂತೆಯೇ ಇರಲಿ. ಅದಕ್ಕೆ 'ಊರಿನ ನಂಬರ್ ಒನ್' ಎಂದೆಲ್ಲ ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗುವ ಅಪಾಯವೂ ಉಂಟು.

ನಕ್ಷೆಯ ಗುರುತನ್ನು ನೀವೇ ಹಿಗ್ಗಿಸಿ ನೋಡಬೇಕೆಂದು ಒತ್ತಿ ಹೇಳುತ್ತೇನೆ. ಇಕ್ಕಟ್ಟಾದ ಪೇಟೆಬೀದಿಯಲ್ಲಿ ಅದು ಹಿಂದಿನ ಓಣಿಯ ಮೇಲೆ ಬಿದ್ದಿದ್ದರೆ, ಹಸಿದು ಬಂದವರು ಮುಚ್ಚಿದ ಗೋಡೆಯೆದುರು ನಿಲ್ಲುತ್ತಾರೆ. ಗುರುತನ್ನು ಎಳೆದು ಬಾಗಿಲ ಮೇಲೆಯೇ ಇರಿಸಿ, ಬೋರ್ಡು ಮತ್ತು ಮೆಟ್ಟಿಲು ಒಟ್ಟಿಗೆ ಕಾಣುವ ಹಗಲಿನ ಫೋಟೊವೊಂದನ್ನು ಹಾಕಿ. ಯುಗಾದಿ, ದೀಪಾವಳಿಯ ರಜೆಯನ್ನು ವಿಶೇಷ ಸಮಯದ ಅಂಕಣದಲ್ಲಿ ಮುಂಚಿತವಾಗಿ ತುಂಬಿಸಿ.

ವಿಮರ್ಶೆ ಬರೆಯುವಂತೆ ಗ್ರಾಹಕರನ್ನು ಕೇಳಬಹುದು, ಗಲ್ಲೆಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಅಂಟಿಸಬಹುದು. ಆದರೆ ಅದಕ್ಕಾಗಿ ರಿಯಾಯಿತಿ ಕೊಡುವಂತಿಲ್ಲ. ಚಟ್ನಿ ಹಳಸಿತ್ತೆಂದು ಯಾರಾದರೂ ಬರೆದರೆ ವಾದಕ್ಕಿಳಿಯದೆ, ಏನು ಸರಿಪಡಿಸಿದಿರಿ ಎಂಬುದನ್ನು ಎರಡು ಸಾಲಿನಲ್ಲಿ, ಅವರು ಬರೆದ ಭಾಷೆಯಲ್ಲಿಯೇ ಉತ್ತರಿಸಿ.